ನೀರು ಬಿಡುವವನ ಮಗಳ ಹಲ್ಲು

2018ರ ಜನವರಿ. ಸಂಕ್ರಾಂತಿ ಕಳೆದು ಮೂರೋ ನಾಲ್ಕೋ ದಿನವಾಗಿತ್ತು. ಗೌರಿಬಿದನೂರಿನಲ್ಲಿರುವ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಐವತ್ತು ದಾಟಿದ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. ಅವರ ಹೆಸರು ಹನುಮಂತರಾಯಪ್ಪ. ಮಗಳು ಅಮೃತ, ಹತ್ತೊಂಬತ್ತು ವರ್ಷದವಳು, ಡಿಗ್ರಿ ಎರಡನೇ ವರ್ಷ ಓದುತ್ತಿದ್ದಳು. ತೊಂಡೇಬಾವಿ ಸ್ಟೇಷನ್ನಿನಿಂದ ನಾಲ್ಕು ಮೈಲಿ ಒಳಗಿನ ಊರು ಅವರದು. ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ; ಅಲ್ಲಿ ಇನ್ನೂ ಮದುವೆಯಾಗಬೇಕಾದ ಹೆಣ್ಣುಮಕ್ಕಳಿದ್ದಾರೆ.

ಹುಡುಗಿ ಕುರ್ಚಿಯ ಮೇಲೆ ಕೂತವಳು ಬಾಯಿಗೆ ಹಿಡಿದಿದ್ದ ಕರ್ಚೀಫು ತೆಗೆಯಲಿಲ್ಲ. ನಾನು ಮೆಲ್ಲನೆ ಕೈ ಸರಿಸಿ ನೋಡಿದೆ. ಮೇಲಿನ ಸಾಲಿನ ಮುಂದಿನ ಹಲ್ಲೊಂದು ಅರ್ಧಕ್ಕೆ ಓರೆಯಾಗಿ ಮುರಿದಿತ್ತು. ಉಳಿದ ಹಲ್ಲುಗಳ ಮೇಲೆ ಕಂದುಬಣ್ಣದ ಅಡ್ಡಪಟ್ಟಿಗಳು, ಅಲ್ಲಲ್ಲಿ ಸೂಜಿಯಿಂದ ಚುಚ್ಚಿದಂಥ ಗುಳಿಗಳು. ಏನು ಕಚ್ಚಿದೆಯಮ್ಮ ಎಂದು ಕೇಳಿದೆ.

"ಸೀಬೆಹಣ್ಣು."

"ಕಾಯಾಗಿತ್ತಾ?"

"ಇಲ್ಲ ಮೇಡಂ. ಮೆತ್ತಗಿತ್ತು."

ಹನುಮಂತರಾಯಪ್ಪ ಜೇಬಿನಿಂದ ಕ್ಯಾಲೆಂಡರ್ ಹಾಳೆಯ ಪೊಟ್ಟಣ ತೆಗೆದರು. ಅದರೊಳಗೆ ಮುರಿದ ಚೂರಿತ್ತು. ಅಂಟಿಸಬಹುದೇನೋ ಎಂದು ಎತ್ತಿಟ್ಟುಕೊಂಡು ಬಂದಿದ್ದರು. ಹಲ್ಲಿನ ಚೂರನ್ನು ಹೀಗೆ ಒಣಗಿಸಬಾರದು, ಹಾಲಿನಲ್ಲೋ ನೀರಿನಲ್ಲೋ ಹಾಕಿ ತರಬೇಕು, ಹಲ್ಲಿಗೆ ಒದ್ದೆಯಲ್ಲೇ ಜೀವ, ಒಣಗಿದರೆ ಇನ್ನೂ ಪೆಡಸಾಗಿ ಸಿಡಿಯುತ್ತದೆ ಎಂದು ಹೇಳಿದೆ. ಅವರು ತಪ್ಪು ಮಾಡಿದವರ ಹಾಗೆ ತಲೆಯಾಡಿಸಿದರು. ಆಮೇಲೆ ಮಗಳ ಮೇಲೆ ದೂರು ಶುರುಮಾಡಿದರು. ಇವಳಿಗೆ ಚಿಕ್ಕಂದಿನಿಂದಲೂ ಹಲ್ಲುಜ್ಜುವುದರಲ್ಲಿ ಸೋಮಾರಿತನ. ಬೈದರು, ಹೊಡೆದರು, ಎದುರಿಗೆ ಕೂರಿಸಿಕೊಂಡು ಇದ್ದಿಲಪುಡಿ ಹಾಕಿ ತಾವೇ ಉಜ್ಜಿದರು. ಬಣ್ಣ ಹೋಗಲಿಲ್ಲ. ಇವಳ ಅಣ್ಣ ಮುನೇಶನ ಹಲ್ಲು ನೋಡಬೇಕು, ಮುತ್ತಿನಂಥವು, ಒಂದೇ ಮನೆ, ಒಂದೇ ಊಟ. ಅಪ್ಪ ಇಷ್ಟು ಹೇಳುವಾಗ ಹುಡುಗಿ ಗೋಡೆಯ ಕಡೆ ನೋಡುತ್ತಿದ್ದಳು.

ಆ ದಿನ ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು. ನನಗೆ ಆತುರ. ಇದು ಉಜ್ಜದೆ ಬಂದದ್ದಲ್ಲ, ನೀರಿನಿಂದ ಬಂದದ್ದು ಎಂದು ಹೇಳಿದೆ. ಹಲ್ಲಿನ ಮೇಲಿನ ಬಿಳಿ ಕವಚ, ನಾವು ಎನಾಮಲ್ ಅನ್ನುವುದು, ಮನುಷ್ಯನ ಮೈಯಲ್ಲೇ ಅತಿ ಗಟ್ಟಿಯಾದ ವಸ್ತು, ಎಲುಬಿಗಿಂತ ಗಟ್ಟಿ. ಆದರೆ ಅದು ಒಂದೇ ಸಲ ಆಗುವಂಥದ್ದು. ಮಗು ಆರೇಳು ವರ್ಷದ್ದಾಗುವ ಹೊತ್ತಿಗೆ, ಹಲ್ಲು ಇನ್ನೂ ದವಡೆಯೊಳಗೆ ಅಡಗಿರುವಾಗಲೇ, ಅದರ ಬಹುಪಾಲು ಕೆಲಸ ಮುಗಿದುಹೋಗುತ್ತದೆ. ಆ ವಯಸ್ಸಿನಲ್ಲಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಕವಚ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಗಂಟು ಉಳಿದ ರಾಗಿಮುದ್ದೆಯ ಹಾಗೆ, ಮೇಲೆ ನುಣ್ಣಗೆ, ಒಳಗೆ ಹಸಿಹಿಟ್ಟು. ಹಲ್ಲು ಹೊರಗೆ ಬಂದ ಮೇಲೆ ಕಲೆ ಹೀರುತ್ತದೆ, ಚಕ್ಕೆ ಏಳುತ್ತದೆ, ಒಂದು ದಿನ ಸೀಬೆಹಣ್ಣಿಗೂ ಮುರಿಯುತ್ತದೆ. ಎಷ್ಟು ಉಜ್ಜಿದರೂ ಅಷ್ಟೇ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆ ವಾರ ಅದೇ ದಿಕ್ಕಿನ ಹಳ್ಳಿಗಳಿಂದ ಬಂದ ಆರನೇ ಬಾಯಿ ಅದು. ನನಗೆ ಸಿಟ್ಟು ಬಂದಿತ್ತು. "ಇಷ್ಟು ವರ್ಷ ನಿಮ್ಮೂರಿನ ಮಕ್ಕಳಿಗೆ ಈ ನೀರು ಕುಡಿಸಿದವನನ್ನ ಕರ್ಕೊಂಡು ಬಂದು ಈ ಕುರ್ಚಿ ಮುಂದೆ ನಿಲ್ಲಿಸಬೇಕು," ಅಂದೆ.

ಹನುಮಂತರಾಯಪ್ಪ ಚೂರಿನ ಪೊಟ್ಟಣ ಮಡಚಿ ಜೇಬಿಗೆ ಹಾಕಿಕೊಂಡರು.

"ನಿಂತಿದೀನಲ್ಲಮ್ಮ," ಅಂದರು. "ನಮ್ಮೂರಾಗೆ ನೀರು ಬಿಡೋನು ನಾನೇ."

ಹುಡುಗಿ ಅಪ್ಪನ ಕಡೆ ತಿರುಗಿದಳು. ಕ್ಷಮಿಸಿ, ನಿಮ್ಮ ತಪ್ಪು ಅಂತಲ್ಲ ಎಂದು ನಾನು ಏನೇನೋ ತಡವರಿಸಿದೆ. ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಹಲ್ಲಿಗೆ ತಾತ್ಕಾಲಿಕವಾಗಿ ತೇಪೆ ಹಾಕಿ, ಮುಂದಿನ ವಾರ ಬನ್ನಿ ಎಂದು ಕಳಿಸಿದೆ. ಮೆಟ್ಟಿಲಿಳಿಯುವಾಗ ಆ ಮನುಷ್ಯ ಗೋಡೆ ಹಿಡಿದುಕೊಂಡು ಇಳಿದದ್ದನ್ನು ನೋಡಿದೆ.

ಅವರ ಬಗ್ಗೆ ಉಳಿದದ್ದೆಲ್ಲ ನನಗೆ ಆಮೇಲೆ, ಬರುಬರುತ್ತ ಗೊತ್ತಾಯಿತು. ಕೆಲವನ್ನು ಅವರೇ ಹೇಳಿದರು, ಹೆಚ್ಚಿನದನ್ನು ಅವರ ಹೆಂಡತಿ ಲಕ್ಷ್ಮೀನರಸಮ್ಮ ಹೇಳಿದರು.

ಹನುಮಂತರಾಯಪ್ಪ ಹುಟ್ಟಿದ್ದು ಎರಡೂವರೆ ಎಕರೆ ಹೊಲ ಇದ್ದ ಮನೆಯಲ್ಲಿ. ಏಳನೇ ಕ್ಲಾಸಿನವರೆಗೆ ಓದಿದರು. ಊರಿನವರು ಆಗೆಲ್ಲ ಕುಡಿಯುತ್ತಿದ್ದುದು ಕೆರೆಯ ಕೆಳಗಿನ ಸೇದುವ ಬಾವಿಯ ನೀರು. ತೊಂಬತ್ತೆಂಟರಲ್ಲಿ ಆ ಬಾವಿ ಪೂರ್ತಿ ಬತ್ತಿತು. ಅದೇ ವರ್ಷ ಊರ ಮುಂದೆ ಬೋರು ಕೊರೆಸಿ ಹ್ಯಾಂಡ್‌ಪಂಪ್ ಹಾಕಿದರು. ಮುಂದೆ ಅದನ್ನೇ ಇನ್ನೂ ಆಳಕ್ಕೆ ಕೊರೆದು ಮೋಟಾರ್ ಇಳಿಸಿ, ಟ್ಯಾಂಕ್ ಕಟ್ಟಿ, ಬೀದಿ ಬೀದಿಗೆ ನಲ್ಲಿ ಎಳೆದರು. ಪಂಪು ಹಾಕಿದ ದಿನದಿಂದ ಅದರ ಉಸ್ತುವಾರಿ ಹನುಮಂತರಾಯಪ್ಪನದು. ಪಂಚಾಯ್ತಿಯ ವಾಟರ್‌ಮ್ಯಾನ್ ಕೆಲಸ. ಬೆಳಿಗ್ಗೆ ಆರಕ್ಕೆ ಮೇಲಿನ ಬೀದಿಯ ವಾಲ್ವು, ಏಳಕ್ಕೆ ಕೆಳಗಿನ ಬೀದಿಯದು. ತಮ್ಮ ತಾಯಿ ತೀರಿಕೊಂಡ ದಿನವೂ ಮೊದಲು ನೀರು ಬಿಟ್ಟು ಬಂದು ಆಮೇಲೆ ಶವದ ಮುಂದೆ ಕೂತರಂತೆ. ಊರಿನವರು ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದರು.

ನನ್ನ ಕ್ಲಿನಿಕ್ಕಿನಿಂದ ಮನೆಗೆ ಹೋದವರು ಆ ದಿನ ಊಟ ಮಾಡಲಿಲ್ಲ. ಮಗನನ್ನು ಕರೆದು ಬಾಯಿ ತೆರೆಸಿದರು. ಮುನೇಶ ಹುಟ್ಟಿದ್ದು ತೊಂಬತ್ತೆರಡರಲ್ಲಿ. ಮುಂದಿನ ಹಲ್ಲುಗಳು ಹಾಲಿನಂತೆ ಬೆಳ್ಳಗಿದ್ದವು. ಟಾರ್ಚು ಹಿಡಿದು ಹಿಂದೆ ನೋಡಿದಾಗ ಕೊನೆಯ ದವಡೆಹಲ್ಲುಗಳ ಮೇಲೆ ಕಂದು ಕಲೆ ಕಂಡಿತು. ಮೊದಮೊದಲು ಅವರಿಗೆ ಅರ್ಥವಾಗಲಿಲ್ಲ. ಮರುವಾರ ನಾನು ಹೇಳಿದೆ: ಹುಡುಗನಿಗೆ ಆರು ವರ್ಷವಾಗುವವರೆಗೆ ಬಾವಿ ನೀರು ಸಿಕ್ಕಿದೆ, ಅಷ್ಟರಲ್ಲಿ ಮುಂದಿನ ಹಲ್ಲುಗಳು ಒಳಗೇ ಸಿದ್ಧವಾಗಿದ್ದವು, ಹಿಂದಿನವು ತಯಾರಾಗುವ ಹೊತ್ತಿಗೆ ಬೋರಿನ ನೀರು ಬಂದಿತ್ತು. ಅಮೃತ ಹುಟ್ಟಿದ್ದು ತೊಂಬತ್ತೊಂಬತ್ತರ ಮೊದಲ ವಾರದಲ್ಲಿ. ಅವಳಿಗೆ ಒಂದು ಹಲ್ಲೂ ಬೆಳ್ಳಗೆ ಉಳಿಯಲಿಲ್ಲ.

"ಹೊಡೆದಿದೀನಮ್ಮ ಅವಳಿಗೆ," ಅಂದರು ಹನುಮಂತರಾಯಪ್ಪ. "ಹಲ್ಲಿಗೋಸ್ಕರ ಹೊಡೆದಿದೀನಿ."

ಅದಕ್ಕಿಂತ ದೊಡ್ಡ ಪೆಟ್ಟು ಅದೇ ವಾರ ಬಿತ್ತು. ಬೋರಿನ ನೀರನ್ನು ಬಾಟಲಿಯಲ್ಲಿ ತುಂಬಿಸಿ ಪರೀಕ್ಷೆಗೆ ಕೊಡಿ ಎಂದು ನಾನು ಹೇಳಿದ್ದೆ. ಬಾಟಲಿ ಹಿಡಿದು ಪಂಪ್‌ಹೌಸ್ ಮುಂದೆ ಕೂತಾಗ ಅವರಿಗೆ ಹಿಂದಿನದೊಂದು ನೆನಪು ಬಂತು. 2003ರ ಸುಮಾರಿಗೆ ಯಾರೋ ಇಬ್ಬರು ಇದೇ ರೀತಿ ಬಾಟಲಿಗಳಲ್ಲಿ ನೀರು ತುಂಬಿಸಿಕೊಂಡು ಹೋಗಿದ್ದರು. ಒಂದು ತಿಂಗಳಾದ ಮೇಲೆ ಮತ್ಯಾರೋ ಬಂದು ಹ್ಯಾಂಡ್‌ಪಂಪಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದು ಹೋದರು. ಯಾಕೆಂದು ಯಾರಿಗೂ ಹೇಳಲಿಲ್ಲ. ರಿಪೇರಿಗೆ ಬಂದಿರುವ ಪಂಪಿಗೆ ಗುರುತು ಹಾಕಿದ್ದಾರೆ ಎಂದು ಇವರು ತಿಳಿದುಕೊಂಡರು. ಆ ವರ್ಷ ಆಗಸ್ಟ್ ಹದಿನೈದಕ್ಕೆ ಯಾರೋ ಸಾಹೇಬರು ಊರಿಗೆ ಬರುತ್ತಾರೆಂದು ಎಲ್ಲ ಕಡೆ ಸುಣ್ಣಬಣ್ಣ ಮಾಡಿಸುವಾಗ, ಹನುಮಂತರಾಯಪ್ಪ ತಮ್ಮ ಕೈಯಾರೆ ಆ ಕೆಂಪು ಗುರುತಿನ ಮೇಲೆ ನೀಲಿ ಬಣ್ಣ ಬಳಿದರು. ಚೆನ್ನಾಗಿ ಕಾಣಲಿ ಎಂದು ಎರಡು ಸಲ ಬಳಿದರು.

ಈ ಮಾತು ಹೇಳುವಾಗ ಅವರು ಅಳಲಿಲ್ಲ. ದನಿಯೂ ಏರಲಿಲ್ಲ. ಬೇರೆ ಯಾರದೋ ಊರಿನ ಸುದ್ದಿ ಹೇಳುವವರ ಹಾಗೆ ಹೇಳಿದರು. ಕುಡಿಯಬೇಡಿ ಎಂಬ ಗುರುತಿನ ಅರ್ಥ ಪಂಪು ನೋಡಿಕೊಳ್ಳುವವನಿಗೇ ಯಾರೂ ಹೇಳದೆ ಹೋದದ್ದು ಹೇಗೆ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ನೀರಿನ ವರದಿ ಬಂತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದಾಗಿದ್ದ ಫ್ಲೋರೈಡ್ ಮೂರು ಮುಕ್ಕಾಲು ಇತ್ತು. ಮರುದಿನ ಬೆಳಿಗ್ಗೆ ಆರಕ್ಕೆ ಹನುಮಂತರಾಯಪ್ಪ ವಾಲ್ವು ತಿರುಗಿಸಲಿಲ್ಲ. ಊರಿಗೆ ನಲ್ಲಿ ಬಂದಾಗಿನಿಂದ ಮೊದಲ ಸಲ. ಆರೂವರೆಗೆ ಬೀದಿಯವರೆಲ್ಲ ಬಿಂದಿಗೆ ಸಮೇತ ಅವರ ಮನೆ ಮುಂದೆ ಸೇರಿದರು. ಈ ನೀರು ತೊಳೆಯೋಕೆ, ಬಳಿಯೋಕೆ ಮಾತ್ರ, ಕುಡಿಯೋಕೆ, ಅಡುಗೆಗೆ ಬೇಡ ಎಂದು ಇವರು ಹೇಳಿದರು. ಕಾಯಿಸಿ ಕುಡೀತೀವಿ ಅಂದರು ಕೆಲವರು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಜಾಸ್ತಿಯಾಗುತ್ತದೆ ಎಂದು ಇವರು ನನ್ನಿಂದ ಕೇಳಿಕೊಂಡಿದ್ದನ್ನು ಒಪ್ಪಿಸಿದರು. ಪಂಚಾಯ್ತಿ ಮೆಂಬರ್ ವೆಂಕಟರಾಯಪ್ಪ ಬಂದು, ನೀನು ನೀರು ಬಿಡೋನು, ಡಾಕ್ಟರಲ್ಲ, ನಿನ್ನ ಕೆಲಸ ಮಾಡು ಎಂದು ಗದರಿಸಿದ. ಮಧ್ಯಾಹ್ನದ ಹೊತ್ತಿಗೆ ವಾಲ್ವು ತೆರೆಯಲೇಬೇಕಾಯಿತು. ಊರಿನಲ್ಲಿ ಶುದ್ಧ ನೀರಿನ ಘಟಕ ಅಂತ ಒಂದು ಇತ್ತು. ಅದು ಕೆಟ್ಟು ಬೀಗ ಬಿದ್ದು ಒಂದು ವರ್ಷವಾಗಿತ್ತು. ಯಾರಿಗೂ ಅದರ ಚಿಂತೆ ಇರಲಿಲ್ಲ. ಮನೆ ಬಾಗಿಲಿಗೆ ನಲ್ಲಿ ನೀರು ಬರುತ್ತಿತ್ತಲ್ಲ.

ಆಮೇಲೆ ಹನುಮಂತರಾಯಪ್ಪ ಒಂದು ನೋಟ್‌ಬುಕ್ ಕೊಂಡು ಮನೆ ಮನೆಗೆ ಹೋಗತೊಡಗಿದರು. ಹೆಸರು, ಹುಟ್ಟಿದ ವರ್ಷ, ಹಲ್ಲು ಹೇಗಿದೆ. ನಮ್ಮ ಹಲ್ಲು ಹಿಡಿದು ನೋಡೋಕೆ ನಾವೇನು ದನವಾ ಎಂದು ಕೆಲವರು ಬಾಗಿಲಲ್ಲೇ ಬೈದು ಕಳಿಸಿದರು. ಮಕ್ಕಳು ಮಾತ್ರ ಬಾಯಿ ತೆರೆದು ತೋರಿಸಿದರು. ಮೂರು ವಾರವಾದ ಮೇಲೆ ಆ ಪುಸ್ತಕ ನನ್ನ ಮೇಜಿನ ಮೇಲೆ ಇಟ್ಟರು. ನಾನು ಒಂದೊಂದೇ ಪುಟ ತಿರುವಿದೆ. ಅಲ್ಲೇ ಹುಟ್ಟಿ ಬೆಳೆದವರಲ್ಲಿ ತೊಂಬತ್ತರ ಒಳಗೆ ಹುಟ್ಟಿದವರ ಮುಂದೆಲ್ಲ 'ಬಿಳಿ'. ತೊಂಬತ್ತೈದರ ಆಚೆ ಒಬ್ಬರ ಮುಂದೂ ಆ ಪದ ಇರಲಿಲ್ಲ. ಬೇರೆ ಊರಿನಿಂದ ಬಂದ ಸೊಸೆಯಂದಿರು ಬಿಳಿ, ಅವರ ಮಕ್ಕಳು ಕಂದು. ನೂರಾ ಹದಿಮೂರು ಮಕ್ಕಳು. ಓದಿದ ಡಾಕ್ಟರು ನಾನು, ಹತ್ತು ವರ್ಷದಿಂದ ಆ ಬಾಯಿಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಒಟ್ಟಿಗೆ ಸೇರಿಸಿ ನೋಡಿದವರು ಏಳನೇ ಕ್ಲಾಸಿನ ಹನುಮಂತರಾಯಪ್ಪ.

ಆದರೂ ಅವರಿಗೆ ಸಮಾಧಾನವಿರಲಿಲ್ಲ. ಊರಿನವರು ಇದನ್ನು ಬರೀ ಬಣ್ಣದ ವಿಷಯ ಅಂದುಕೊಂಡಿದ್ದಾರೆ, ಹಲ್ಲೇ ಮೆತ್ತಗಾಗಿದೆ ಅಂದರೆ ಯಾರೂ ನಂಬುತ್ತಿಲ್ಲ ಅಂದರು. ನನ್ನ ಸಹಪಾಠಿ ಭಾನುಪ್ರಿಯಾ ಬೆಂಗಳೂರಿನ ಒಂದು ದಂತ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಹಲ್ಲಿನ ಗಟ್ಟಿತನ ಅಳೆಯುವ ಯಂತ್ರ ಅವಳಲ್ಲಿತ್ತು. ವಜ್ರದ ಮೊನೆಯನ್ನು ಹಲ್ಲಿನ ಮೇಲೆ ಗೊತ್ತಾದ ಭಾರದಿಂದ ಒತ್ತುತ್ತಾರೆ. ಮೂಡಿದ ಕುಳಿ ದೊಡ್ಡದಾದಷ್ಟೂ ಹಲ್ಲು ಮೆದು. ಇದನ್ನು ಹೇಳಿದ ಕೂಡಲೇ ಹನುಮಂತರಾಯಪ್ಪ, ಅಮೃತಾಳ ಹಲ್ಲಿನ ಜೊತೆಗೆ ಹೋಲಿಸಲು ತಮ್ಮದೊಂದು ಹಲ್ಲು ಕಿತ್ತು ಕಳಿಸಿ ಎಂದರು. ನಾನು ತಮಾಷೆ ಅಂದುಕೊಂಡೆ. ಅವರು ಕುರ್ಚಿಯ ಮೇಲೆ ಹೋಗಿ ಕೂತು ಬಾಯಿ ತೆರೆದರು. ಗಟ್ಟಿಯಾಗಿರುವ ಹಲ್ಲನ್ನು ಕೀಳುವುದು ನನ್ನ ಕೈಲಾಗದು ಎಂದು ಎಬ್ಬಿಸಿ ಕಳಿಸಲು ಅರ್ಧ ಗಂಟೆ ಹಿಡಿಯಿತು.

ಎರಡು ದಿನ ಬಿಟ್ಟು ಅವರು ತಮ್ಮ ದೊಡ್ಡಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಬಂದರು. ಊರೆಲ್ಲ ತೆಲುಗಿನಲ್ಲಿ ಪೆದ್ದಮ್ಮ, ಅಂದರೆ ದೊಡ್ಡಮ್ಮ, ಎಂದೇ ಕರೆಯುವ ಮುದುಕಿ. ಎಂಬತ್ತು ದಾಟಿತ್ತು. ಒಸಡು ಸವೆದು ಒಂದು ದವಡೆಹಲ್ಲು ಅಲುಗಾಡುತ್ತಿತ್ತು, ಹೇಗೂ ತೆಗೆಯಬೇಕಾದದ್ದೇ. ಕಿತ್ತ ಹಲ್ಲನ್ನು ನೀರಿನ ಡಬ್ಬಿಗೆ ಹಾಕುವಾಗ ಪೆದ್ದಮ್ಮ, "ಏಮಿರಾ, ನನ್ನ ಹಲ್ಲಿಗೂ ಪರೀಕ್ಷೆಯೇನೋ?" ಎಂದು ಕೇಳಿ ಬಾಯಿ ತುಂಬ ಹತ್ತಿ ಇಟ್ಟುಕೊಂಡೇ ನಕ್ಕಳು. ಅಮೃತಾಳ ಕೆಳಗಿನ ದವಡೆಹಲ್ಲೊಂದು ಉಳಿಸಲಾಗದಷ್ಟು ಪುಡಿಯಾಗಿತ್ತು. ಅದನ್ನೂ ಆ ವಾರ ತೆಗೆದೆ. ಎರಡೂ ಹಲ್ಲು ಒಣಗದಂತೆ ಬೇರೆ ಬೇರೆ ಡಬ್ಬಿಯಲ್ಲಿ ಬೆಂಗಳೂರಿಗೆ ಹೋದವು.

ಭಾನುಪ್ರಿಯಾ ಫೋನು ಮಾಡಿದಾಗ, ಡಬ್ಬಿಗಳ ಚೀಟಿ ಅದಲುಬದಲಾಗಿಲ್ಲ ತಾನೇ ಎಂದು ಎರಡು ಸಲ ಕೇಳಿದಳು. ಎಂಬತ್ತು ದಾಟಿದ ಮುದುಕಿಯ ಹಲ್ಲಿನ ಮೇಲೆ ಮೊನೆ ಒಂದು ಚಿಕ್ಕ ಗುರುತು ಮಾಡಿತ್ತು. ಹತ್ತೊಂಬತ್ತರ ಹುಡುಗಿಯ ಹಲ್ಲಿನಲ್ಲಿ ಕುಳಿ ಅದರ ಒಂದೂವರೆಯಷ್ಟಿತ್ತು, ಅಂಚಿನಿಂದ ಬಿರುಕು ಬೇರೆ ಹರಿದಿತ್ತು. ಇದು ಒಂದು ಜೊತೆ ಹಲ್ಲು ಮಾತ್ರ, ಇದರ ಮೇಲೆ ಪ್ರಬಂಧ ಬರೆಯಲು ಬರುವುದಿಲ್ಲ ಎಂದೂ ಹೇಳಿದಳು. ಹನುಮಂತರಾಯಪ್ಪನಿಗೆ ಪ್ರಬಂಧ ಬೇಕಿರಲಿಲ್ಲ. ಎರಡು ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಗ್ರಾಮಸಭೆಗೆ ಹೋದರು.

ಆ ಸಭೆಗೆ ನಾನೂ ಹೋಗಿದ್ದೆ. ಶಾಲೆಯ ಅಂಗಳದಲ್ಲಿ ಎಪ್ಪತ್ತು ಎಂಬತ್ತು ಜನ ಸೇರಿದ್ದರು. ಹನುಮಂತರಾಯಪ್ಪ ಮೊದಲು ಹೇಳಿದ್ದು ಪರೀಕ್ಷೆಯ ವಿಷಯವಲ್ಲ, ನೀಲಿ ಬಣ್ಣದ ವಿಷಯ. ಕುಡಿಯಬೇಡಿ ಎಂದು ಪಂಪಿನ ಮೇಲೆ ಹಾಕಿದ್ದ ಕೆಂಪು ಗುರುತು ಅಳಿಸಿದ್ದು ನಾನೇ ಎಂದು ಹೇಳಿದರು. ಹಿಂದೆ ನಿಂತಿದ್ದ ಒಬ್ಬ ಹೆಂಗಸು ತನ್ನ ಮಗಳ ತಲೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಗಲಾಟೆ ಶುರುವಾಯಿತು. ಹೊಡೆಯಲು ಮುಂದೆ ಬಂದವರೂ ಇದ್ದರು. ತಡೆದದ್ದು ಪೆದ್ದಮ್ಮ. ಕೋಲು ಊರಿಕೊಂಡು ಎದ್ದು ನಿಂತು, ಫೋಟೋ ಕೈಗೆ ತೆಗೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಇದು ನನ್ನ ಹಲ್ಲು, ಇದು ಮೊಮ್ಮಗಳದು. ನಾನು ನಾಳೆಯೋ ನಾಡಿದ್ದೋ ಹೋಗೋಳು. ನನ್ನ ಹಲ್ಲು ಗಟ್ಟಿಯಿದ್ದು ಏನು ಮಾಡ್ಲಿ? ಇವನನ್ನ ಆಮೇಲೆ ಹೊಡೀರಿ. ಮೊದಲು ಕೂಸುಗಳಿಗೆ ನೀರು ನೋಡಿ."

ವೆಂಕಟರಾಯಪ್ಪ ಫೋಟೋಗಳನ್ನು ತುಂಬಾ ಹೊತ್ತು ನೋಡಿದ. ಅವನ ಕಿರಿಯ ಮಗನಿಗೆ ಐದು ವರ್ಷ. ಮಾರನೇ ದಿನ ಹನುಮಂತರಾಯಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ತಾಲ್ಲೂಕು ಕಚೇರಿಗೆ ಹೋದವನು ಅವನೇ. ಘಟಕ ರಿಪೇರಿಯಾಗಲು ಏಳು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ದಿನಾ ಟ್ರ್ಯಾಕ್ಟರಿನಲ್ಲಿ ಪಕ್ಕದ ಊರಿನ ಘಟಕದಿಂದ ನೀರು ಬಂತು. ಹನುಮಂತರಾಯಪ್ಪ ಪಂಪ್‌ಹೌಸಿನ ಗೋಡೆಯ ಮೇಲೆ 'ಈ ನೀರು ಕುಡಿಯಬೇಡಿ' ಎಂದು ಕೆಂಪಕ್ಷರದಲ್ಲಿ ಬರೆದರು. ಓದು ಬಾರದ ಮುದುಕರಿಗೆ ಮನೆಗೆ ಹೋಗಿ ಓದಿ ಹೇಳಿದರು.

ಅಮೃತಾಳ ಮುಂದಿನ ಆರು ಹಲ್ಲುಗಳಿಗೆ ಕ್ಯಾಪ್ ಹಾಕಿದೆ. ಮೊದಲ ದಿನ ಕನ್ನಡಿ ಕೊಟ್ಟಾಗ ಅವಳು ನಗಲಿಲ್ಲ, ಬೆರಳಿನಿಂದ ಹಲ್ಲು ಮುಟ್ಟಿ ಮುಟ್ಟಿ ನೋಡಿದಳು. ಅಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅವಳು ಹೋಗಿ ಅವರ ಪಕ್ಕ ಕೂತಳು. ಅವರಿಬ್ಬರೂ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ.

2020ರಲ್ಲಿ ಹನುಮಂತರಾಯಪ್ಪ ತಮಗೇ ದವಡೆನೋವು ಎಂದು ಬಂದರು. ಬಾಯಿ ತೆರೆಸಿ ನೋಡಿ ನಾನು ಬೆಚ್ಚಿದೆ. ಎರಡು ವರ್ಷದ ಹಿಂದೆ ಅದೇ ಕುರ್ಚಿಯ ಮೇಲೆ ನೋಡಿದ ಹಲ್ಲುಗಳ ಏಣುಗಳೆಲ್ಲ ಸವೆದು ಚಪ್ಪಟೆಯಾಗಿದ್ದವು. ಸಭೆಯಾದ ವರ್ಷದಿಂದ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ ಎಂದು ಲಕ್ಷ್ಮೀನರಸಮ್ಮ ಹೇಳಿದರು. ಪಕ್ಕದ ಕೋಣೆಗೂ ಕೇಳಿಸುತ್ತದಂತೆ. ಹಲ್ಲಿನ ಕವಚವನ್ನು ಸವೆಸಲು ಅದರಷ್ಟೇ ಗಟ್ಟಿಯಾದ ಇನ್ನೊಂದು ಹಲ್ಲೇ ಬೇಕು, ಅದನ್ನು ಅವರು ಮಾಡಿಕೊಂಡಿದ್ದರು. ಮಲಗುವಾಗ ಹಲ್ಲಿನ ಮೇಲೆ ಹಾಕಿಕೊಳ್ಳಲು ಒಂದು ತೊಡುಗೆ ಮಾಡಿಕೊಟ್ಟೆ. ನಿಮ್ಮ ಮೇಲೆ ನೀವೇ ಹೊರೆ ಹೊರಿಸಿಕೊಳ್ಳಬೇಡಿ, ಆ ಗುರುತಿನ ಅರ್ಥ ನಿಮಗೆ ಗೊತ್ತಿರಲಿಲ್ಲ ಎಂದೆ.

"ಕೇಳಬೇಕಾಗಿತ್ತಲ್ಲಮ್ಮ," ಅಂದರು. "ಯಾರನ್ನಾದ್ರೂ ಒಂದು ಮಾತು ಕೇಳಬೇಕಾಗಿತ್ತು."

ಕಳೆದ ವರ್ಷ ಆ ಊರಿನ ಶಾಲೆಯಲ್ಲಿ ಹಲ್ಲಿನ ತಪಾಸಣೆ ಮಾಡಿದೆ. ಎರಡನೇ ಕ್ಲಾಸಿನ ಹದಿನಾಲ್ಕು ಮಕ್ಕಳಲ್ಲಿ ಹನ್ನೊಂದು ಮಕ್ಕಳಿಗೆ ಹೊಸದಾಗಿ ಬಂದ ಮುಂದಿನ ಹಲ್ಲುಗಳು ಸ್ವಚ್ಛವಾಗಿದ್ದವು. ಮೂವರಿಗೆ ತೆಳ್ಳನೆಯ ಗೆರೆಗಳಿದ್ದವು. ಆ ಮನೆಗಳಲ್ಲಿ ಕುಡಿಯಲು ಘಟಕದ ನೀರು, ಅಡುಗೆಗೆ ಇನ್ನೂ ನಲ್ಲಿಯದೇ ಎಂದು ವಿಚಾರಿಸಿದಾಗ ತಿಳಿಯಿತು. ಪಟ್ಟಿ ಬರೆದುಕೊಂಡ ಹನುಮಂತರಾಯಪ್ಪ ಆ ಸಂಜೆಯೇ ಮೂರೂ ಮನೆಗೆ ಹೋದರು.

ಅಮೃತಾಳಿಗೆ ಚಿಂತಾಮಣಿ ಕಡೆಯಿಂದ ಸಂಬಂಧ ಬಂದದ್ದು 2022ರಲ್ಲಿ. ಹುಡುಗ ಸುನೀಲ್‌ಕುಮಾರ್, ಸಹಕಾರ ಸಂಘದಲ್ಲಿ ಕೆಲಸ. ನೋಡಲು ಬಂದ ದಿನ ಉಪ್ಪಿಟ್ಟು ಕಾಫಿಯಾದ ಮೇಲೆ, ನಿನಗೇನಾದರೂ ಕೇಳುವುದಿದೆಯೇನಮ್ಮ ಎಂದು ಹುಡುಗನ ತಾಯಿ ಕೇಳಿದರು. ನಿಮ್ಮ ಮನೆಯಲ್ಲಿ ಕುಡಿಯುವ ನೀರು ಒಂದು ಬಾಟಲಿ ಬೇಕು ಅಂದಳು ಅಮೃತ. ಬಂದವರು ಮುಖ ಮುಖ ನೋಡಿಕೊಂಡರು. ಜಾತಕ ಕೇಳುವವರನ್ನು ಕಂಡಿದ್ದರು, ಸಂಬಳ ಕೇಳುವವರನ್ನು ಕಂಡಿದ್ದರು. ಸಂಬಂಧ ಮುರಿದುಬಿತ್ತು ಎಂದೇ ಲಕ್ಷ್ಮೀನರಸಮ್ಮ ತಿಳಿದರು. ನಾಲ್ಕನೇ ದಿನ ಸುನೀಲ್ ತಾನೇ ಬಾಟಲಿ ತಂದುಕೊಟ್ಟ. ಫ್ಲೋರೈಡ್ ಮಿತಿಯೊಳಗಿತ್ತು. ಹನುಮಂತರಾಯಪ್ಪ ನಂಬದೆ ಇನ್ನೊಂದು ಕಡೆ ಪರೀಕ್ಷೆ ಮಾಡಿಸಿದರು, ಅಲ್ಲಿಯೂ ಅಷ್ಟೇ ಬಂತು. ಆಮೇಲೆ ಮದುವೆಗೆ ಒಪ್ಪಿದರು.

ಮೊನ್ನೆ ಅವರು ಫೋನು ಮಾಡಿದ್ದರು. ಮೊಮ್ಮಗಳಿಗೆ ಮೊದಲ ಹಲ್ಲು ಬಂದಿದೆಯಂತೆ, ಅಕ್ಕಿಕಾಳಿನಷ್ಟು, ಬೆಳ್ಳಗೆ. ಅದು ಹಾಲುಹಲ್ಲು, ಅದನ್ನು ನೋಡಿ ಏನೂ ಹೇಳಲು ಬರುವುದಿಲ್ಲ, ನಿಜವಾದ ಹಲ್ಲು ಹುಟ್ಟಲು ಆರು ವರ್ಷವಾಗಬೇಕು ಎಂದೆ.

ಗೊತ್ತು ಅಂದರು. ವರ್ಷಕ್ಕೆ ಎರಡು ಸಲ ಅವಳ ಮನೆಯ ನೀರು ಪರೀಕ್ಷೆಗೆ ಕೊಡುತ್ತಿದ್ದೇನೆ, ಈ ಸಲದ್ದು ಬುಧವಾರ ಬರುತ್ತದೆ ಅಂದರು.